ಕೋಚ್ ಹೋಗಲಿ, ಅದಕ್ಕೆ ಸೋಲೇ ಬೇಕೆ?

2022ರ ಡಿಸೆಂಬರ್ 30ರ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತೊಮ್ಮೆ ಸೋತಿತು. ಎದುರಾಳಿ ಈಸ್ಟ್ ಬೆಂಗಾಲ್, ಅಂತರ 2–1. ಗೆಲುವಿನ ಗೋಲು ಬಂದದ್ದು ಹೆಚ್ಚುವರಿ ನಿಮಿಷಗಳಲ್ಲಿ, ಫ್ರೀಕಿಕ್‌ನಿಂದ. ಹೊಡೆದವನು ಕ್ಲೀಟನ್ ಸಿಲ್ವಾ, ಅದರ ಹಿಂದಿನ ಸೀಸನ್‌ವರೆಗೆ ಬೆಂಗಳೂರಿನದೇ ನೀಲಿ ಅಂಗಿ ತೊಟ್ಟಿದ್ದ ಬ್ರೆಜಿಲ್ ಆಟಗಾರ. ಅಲ್ಲಿಗೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರಿನ ಲೆಕ್ಕ ಹೀಗಿತ್ತು: 12 ಪಂದ್ಯ, 8 ಸೋಲು, 10 ಅಂಕ. ಇಂಗ್ಲೆಂಡಿನಿಂದ ಬಂದು ಆರು ತಿಂಗಳಷ್ಟೇ ಆಗಿದ್ದ ಕೋಚ್ ಸೈಮನ್ ಗ್ರೇಸನ್ ಇನ್ನೆಷ್ಟು ದಿನ ಎಂದು ಬೆಂಗಳೂರಿನಲ್ಲಷ್ಟೇ ಅಲ್ಲ, ಮೊಬೈಲ್‌ನಲ್ಲಿ ಪಂದ್ಯ ನೋಡುವ ಎಲ್ಲ ಊರುಗಳಲ್ಲೂ ಕೇಳುವ ಹೊತ್ತು ಅದು.

ಇಂಥ ಹೊತ್ತಿನಲ್ಲಿ ಯಾವ ತಂಡದ ಅಭಿಮಾನಿಗಳ ನಡುವೆಯಾದರೂ ಒಂದು ಮಾತು ಹುಟ್ಟುತ್ತದೆ. ಮೊದಲು ಪಿಸುಮಾತು, ಆಮೇಲೆ ವಾದ. ಹಾವೇರಿ ಸೀಮೆಯ ಬಾಯಲ್ಲಿ ಹೇಳುವುದಾದರೆ, ‘ಇನ್ನೊಂದೆರಡು ಮ್ಯಾಚ್ ಸೋಲ್ಲಿ ಬಿಡ್ರಿ, ಅವಾಗರ ಈ ಕೋಚ್‌ನ ತಗೀತಾರ.’ ತಂಡ ಗೆಲ್ಲಲೆಂದು ದುಡ್ಡು, ನಿದ್ದೆ, ಭಾನುವಾರ ಎಲ್ಲವನ್ನೂ ಕಳೆದುಕೊಂಡವರೇ ತಂಡದ ಸೋಲಿಗೆ ಹರಕೆ ಹೊರುವ ಸ್ಥಿತಿ ಇದು. ಹೊರಗಿನವರಿಗೆ ಹುಚ್ಚು ಎನ್ನಿಸಬಹುದು, ಆದರೆ ಅದರ ಹಿಂದೆ ಒಂದು ತರ್ಕವಿದೆ. ಕಳಪೆ ಕೋಚ್ ಒಬ್ಬ ಅಲ್ಲೊಂದು ಇಲ್ಲೊಂದು ಗೆಲುವಿನ ಆಸರೆಯಲ್ಲಿ ಎರಡು ವರ್ಷ ಉಳಿದುಬಿಟ್ಟರೆ ನಷ್ಟ ದೊಡ್ಡದು. ಈಗಲೇ ಮೂರು ಪಂದ್ಯ ಸೋತು ಅವನು ಹೋದರೆ ನಷ್ಟ ಸಣ್ಣದು. ಇಂದಿನ ಮೂರು ಸೋಲು ನಾಳಿನ ಮೂವತ್ತು ಸೋಲನ್ನು ತಪ್ಪಿಸುತ್ತದೆ ಎಂಬ ಲೆಕ್ಕ.

ಲೆಕ್ಕ ಕೇಳಲು ಚೆನ್ನಾಗಿದೆ. ಅದನ್ನು ಆ ಡಿಸೆಂಬರ್‌ಗೇ ಹಚ್ಚಿ ನೋಡೋಣ.

ಕ್ಲಬ್ ಗ್ರೇಸನ್‌ರನ್ನು ಕೈಬಿಡಲಿಲ್ಲ. 2023ರ ಜನವರಿ 6ರಂದು ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಬೆಂಗಳೂರು 2–1ರಿಂದ ಗೆದ್ದಿತು. ಲೀಗ್‌ನ ತಳದಲ್ಲಿದ್ದ ತಂಡದ ಮೇಲಿನ ಗೆಲುವು, ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಳಿಕ ಒಡಿಶಾ, ಜಮ್ಶೆಡ್‌ಪುರ, ಚೆನ್ನೈಯಿನ್, ಎಟಿಕೆ ಮೋಹನ್ ಬಾಗಾನ್, ಕೇರಳ ಬ್ಲಾಸ್ಟರ್ಸ್ ಒಬ್ಬೊಬ್ಬರಾಗಿ ಸೋತರು. ಫೆಬ್ರುವರಿ 15ರಂದು, ಅಲ್ಲಿಯವರೆಗೆ ಇಡೀ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದಿದ್ದ ಮುಂಬೈ ಸಿಟಿ ಕೂಡ ಬೆಂಗಳೂರಿನ ಮುಂದೆ 2–1ರಿಂದ ಮಣಿಯಿತು. ಕೊನೆಗೆ ಗೋವಾ. ಸಾಲಾಗಿ ಎಂಟು ಗೆಲುವು, 24 ಅಂಕ. ಡಿಸೆಂಬರ್ ಕೊನೆಗೆ 10 ಅಂಕದಲ್ಲಿದ್ದ ತಂಡ 34ಕ್ಕೆ ಏರಿ ನಾಲ್ಕನೇ ಸ್ಥಾನ ಹಿಡಿಯಿತು. ಪ್ಲೇಆಫ್‌ನಲ್ಲಿ ಕೇರಳವನ್ನು ದಾಟಿತು. ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಸುನಿಲ್ ಚೆಟ್ರಿ ಫ್ರೀಕಿಕ್ ಹೊಡೆದದ್ದಕ್ಕೆ ಕೇರಳದ ಆಟಗಾರರು ಮೈದಾನ ಬಿಟ್ಟು ನಡೆದ ಆ ಪಂದ್ಯ ಯಾರಿಗೆ ತಾನೇ ನೆನಪಿಲ್ಲ! ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಹೊರಹಾಕಿತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಫೈನಲ್. 2–2 ಸಮಬಲದ ಬಳಿಕ ಪೆನಾಲ್ಟಿಯಲ್ಲಿ ಮೋಹನ್ ಬಾಗಾನ್‌ಗೆ ಶರಣು.

ಆ ಎರಡೂವರೆ ತಿಂಗಳಲ್ಲಿ ಆದದ್ದು ಗೆಲುವು ಮಾತ್ರವಲ್ಲ. ಶಿವಶಕ್ತಿ ನಾರಾಯಣನ್ ಎಂಬ ಹುಡುಗ ಮುಂಚೂಣಿಯ ಗೋಲುಗಾರನಾಗಿ ಬೆಳೆದದ್ದು ಆಗಲೇ. ಭಾರತ ಫುಟ್ಬಾಲಿನ ಅತಿ ದೊಡ್ಡ ಹೆಸರಾದ ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿ, ಬೇಕಾದಾಗ ಇಳಿಸುವ ಎದೆಗಾರಿಕೆಯನ್ನು ಕೋಚ್ ತೋರಿಸಿದ್ದೂ ಆಗಲೇ. ಡಿಸೆಂಬರ್‌ನಲ್ಲಿ ಇನ್ನೆರಡು ಸೋಲು ಬಯಸಿದವರ ಬಯಕೆ ಈಡೇರಿದ್ದರೆ ಇದೆಲ್ಲ ಯಾರಿಗೂ ಗೊತ್ತಾಗದೆ ಹೋಗುತ್ತಿತ್ತು. ಗೊತ್ತಾಗದೆ ಹೋಗುತ್ತಿತ್ತು ಎಂಬುದೇ ಇಲ್ಲಿಯ ತೊಡಕು. ಕೋಚ್ ಹೋದ ಮೇಲೆ ಉಳಿದಿದ್ದರೆ ಏನಾಗುತ್ತಿತ್ತು ಎಂದು ತೋರಿಸುವ ಅಂಕಪಟ್ಟಿ ಯಾವ ಲೀಗ್‌ನಲ್ಲೂ ಇಲ್ಲ. ಹಾಗಾಗಿ ಸೋಲು ಬಯಸಿದವನಿಗೆ ತನ್ನ ತಪ್ಪು ಎಂದೂ ಕಾಣಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ತಾಳ್ಮೆಯ ಪಾಠವಾಗಿಬಿಡುತ್ತದೆ. ಆದರೆ ಅದೇ ಗ್ರೇಸನ್ ಕಥೆಯ ಎರಡನೇ ಅರ್ಧ ಅಷ್ಟು ಅಚ್ಚುಕಟ್ಟಾಗಿಲ್ಲ. ಮುಂದಿನ ಸೀಸನ್‌ಗೆ ರಾಯ್ ಕೃಷ್ಣ, ಸಂದೇಶ್ ಜಿಂಗಾನ್‌ರಂಥ ಆಟಗಾರರು ತಂಡ ಬಿಟ್ಟಿದ್ದರು. ಮೊದಲ ಒಂಬತ್ತು ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. 2023ರ ಡಿಸೆಂಬರ್ 8ರಂದು ಕಂಠೀರವ ಕ್ರೀಡಾಂಗಣದಲ್ಲೇ ಮುಂಬೈ ಸಿಟಿ ನಾಲ್ಕು ಗೋಲು ಹೊಡೆದು ಹೋಯಿತು, ಬೆಂಗಳೂರಿನಿಂದ ಒಂದೂ ಇಲ್ಲ. ಮರುದಿನವೇ ಗ್ರೇಸನ್ ಜೊತೆಗಿನ ನಂಟು ಮುಗಿಯಿತೆಂದು ಕ್ಲಬ್ ಪ್ರಕಟಿಸಿತು. ಸೋಲು ಕೋಚನ್ನು ಕಳಿಸುತ್ತದೆ ಎಂಬ ಲೆಕ್ಕ ಈ ಬಾರಿ ಸರಿಯಾಗಿ ಕೆಲಸ ಮಾಡಿತು. ಫಲ? ಹಿಂದೆ ಇದೇ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದ ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು. ಬೆಂಗಳೂರು ಆ ಸೀಸನ್ನನ್ನು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ, 22 ಪಂದ್ಯಕ್ಕೆ 22 ಅಂಕದೊಂದಿಗೆ ಮುಗಿಸಿತು. ಅದರ ಮರು ಸೀಸನ್‌ನಲ್ಲಿ ಅದೇ ಸರಗೋಸಾ ತಂಡವನ್ನು ಮೂರನೇ ಸ್ಥಾನಕ್ಕೆ ತಂದು, ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ 5–0 ಬಾರಿಸಿ, 2025ರ ಏಪ್ರಿಲ್ 12ರ ಫೈನಲ್‌ವರೆಗೆ ಒಯ್ದರು. ಈಗ ಹೇಳಿ, ಗ್ರೇಸನ್‌ರನ್ನು ಕಳಿಸಿದ್ದು ಸರಿಯೋ ತಪ್ಪೋ? ಹತ್ತನೇ ಸ್ಥಾನ ನೋಡಿದರೆ ತಪ್ಪು, ಫೈನಲ್ ನೋಡಿದರೆ ಸರಿ. ಕ್ಲಬ್ ಕಚೇರಿಯಲ್ಲಿ ಕೂತವರಿಗೇ ಬಿಡಿಸಲಾಗದ ಈ ಗಂಟನ್ನು ಒಂದು ಶನಿವಾರದ ಸೋಲು ಬಿಡಿಸುತ್ತದೆ ಎಂದು ನಂಬುವುದು ಕಷ್ಟ.

ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರಿಗೆ ಈ ಪ್ರಶ್ನೆಯ ಮೇಲೆ ಬಹಳ ಹಿಂದಿನಿಂದ ಕಣ್ಣು. ಬಾಸ್ ತೇರ್ ವೇಲ್ ಎಂಬವರು 1986ರಿಂದ 2004ರವರೆಗಿನ ಡಚ್ ಲೀಗ್ ಫಲಿತಾಂಶಗಳನ್ನು ಜಾಲಾಡಿದರು. ಕೋಚ್ ಬದಲಾದ ಮೇಲೆ ತಂಡಗಳು ಚೇತರಿಸಿಕೊಳ್ಳುತ್ತವೆ, ನಿಜ. ಆದರೆ ಅಂಥದೇ ಕುಸಿತ ಕಂಡೂ ಕೋಚನ್ನು ಇಟ್ಟುಕೊಂಡ ತಂಡಗಳ ಪಕ್ಕಕ್ಕೆ ಇಟ್ಟು ನೋಡಿದರೆ, ಬದಲಿಸಿದ್ದರಿಂದ ಸಿಕ್ಕಿತೆನ್ನಬಹುದಾದ ಲಾಭ ಕಾಣಲಿಲ್ಲ. ಯಾನ್ ವಾನ್ ಔರ್ಸ್ ಮತ್ತು ಮಾರ್ಟಿನ್ ವಾನ್ ತಾಯ್ಲ್ ಡಚ್ ಲೀಗ್‌ನ ಇನ್ನಷ್ಟು ಹೊಸ ಅಂಕಿಗಳನ್ನು ಹಿಡಿದು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರವೂ ಹೆಚ್ಚುಕಡಿಮೆ ಅದೇ. ಕಾರಣ ಸರಳ. ಕೋಚನ್ನು ತೆಗೆಯುವುದು ತಂಡ ತೀರ ತಳ ಮುಟ್ಟಿದಾಗ. ತಳ ಮುಟ್ಟಿದ್ದರಲ್ಲಿ ಒಂದಿಷ್ಟು ದುರದೃಷ್ಟವೂ ಸೇರಿರುತ್ತದೆ: ಕಂಬಕ್ಕೆ ಬಡಿದ ಚೆಂಡು, ಗಾಯಾಳುಗಳ ಸಾಲು, ಕೊನೆ ನಿಮಿಷದ ಫ್ರೀಕಿಕ್. ದುರದೃಷ್ಟ ಬಹುಕಾಲ ಒಂದೇ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಹೊಸಬ ಬಂದಾಗ ಆಟ ಸುಧಾರಿಸಿದಂತೆ ಕಾಣುತ್ತದೆ, ಹಳಬನಿದ್ದರೂ ಕಾಣುತ್ತಿತ್ತು. 2023ರ ಜನವರಿಯ ಬೆಂಗಳೂರು ಈ ಡಚ್ ಲೆಕ್ಕಕ್ಕೆ ಹೇಳಿ ಮಾಡಿಸಿದ ಉದಾಹರಣೆ.

ಹಾಗೆಂದು ಕೋಚ್ ಬದಲಾವಣೆ ಎಂದೂ ಫಲಿಸುವುದಿಲ್ಲ ಎಂದಲ್ಲ. 2019ರ ನವೆಂಬರ್ 2ರಂದು ಫ್ರಾಂಕ್‌ಫರ್ಟ್ ಕೈಲಿ ಬಯರ್ನ್ ಮ್ಯೂನಿಕ್ 5–1ರಿಂದ ಸೋತಿತು, ಮರುದಿನ ನಿಕೊ ಕೊವಾಚ್ ಕೆಲಸ ಹೋಯಿತು. ಸಹಾಯಕನಾಗಿದ್ದ ಹ್ಯಾನ್ಸಿ ಫ್ಲಿಕ್ ಆ ಜಾಗಕ್ಕೆ ಬಂದು ಒಂದೇ ಸೀಸನ್‌ನಲ್ಲಿ ಜರ್ಮನ್ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದರು. 2021ರ ಜನವರಿಯಲ್ಲಿ ಚೆಲ್ಸಿ ಫ್ರಾಂಕ್ ಲ್ಯಾಂಪಾರ್ಡ್‌ರನ್ನು ಕಳಿಸಿ ಥಾಮಸ್ ಟೂಕೆಲ್‌ರನ್ನು ತಂದಿತು, ಮೇ ತಿಂಗಳಲ್ಲಿ ಯುರೋಪಿನ ಚಾಂಪಿಯನ್ ಆಯಿತು. ಇಂಥ ಕಥೆಗಳು ಸೋಲು ಬಯಸುವವರ ಬಾಯಿಪಾಠ. ಅವರಿಗೆ ಬೇಕಾದ ಇನ್ನೊಂದು ಕಥೆ ಆರ್ಸೆನಲ್‌ನದು. 2017ರಲ್ಲಿ ಆರ್ಸೆನಲ್ ಇಂಗ್ಲಿಷ್ ಲೀಗ್‌ನಲ್ಲಿ ಐದನೆಯದಾಯಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮೊದಲ ನಾಲ್ಕರಿಂದ ಹೊರಬಿತ್ತು. ಕೋಚ್ ವೆಂಗರ್ ಹೋಗಲಿ ಎಂಬ ಬ್ಯಾನರ್ ಹೊತ್ತ ವಿಮಾನವೇ ಆ ವರ್ಷ ತಂಡದ ಪಂದ್ಯವೊಂದರ ವೇಳೆ ಆಕಾಶದಲ್ಲಿ ಹಾರಿತ್ತು. ಮೇ 27ರಂದು ತಂಡ ಚೆಲ್ಸಿಯನ್ನು ಮಣಿಸಿ ಎಫ್‌ಎ ಕಪ್ ಗೆದ್ದಿತು. ಕೆಲವೇ ದಿನಗಳಲ್ಲಿ ವೆಂಗರ್‌ಗೆ ಇನ್ನೆರಡು ವರ್ಷದ ಕರಾರು ಸಿಕ್ಕಿತು, ಮರು ಸೀಸನ್ ಆರನೇ ಸ್ಥಾನ. ಆ ಕಪ್ ಫೈನಲ್ ಸೋತಿದ್ದರೇ ಒಳ್ಳೆಯದಿತ್ತು ಎನ್ನುವ ಆರ್ಸೆನಲ್ ಅಭಿಮಾನಿಯ ಬಳಿ ವಾದವೇನೋ ಉಂಟು. ಆದರೆ ಅವನ ಮನೆಯ ಗೋಡೆಯ ಮೇಲೆ ಆ ಕಪ್ಪಿನ ಚಿತ್ರ ಇದ್ದರೆ ಇಳಿಸುತ್ತಾನೆಯೇ?

ಇನ್ನು ಸೋಲಿನ ಬೆಲೆ ಯಾರು ತೆರುತ್ತಾರೆ ಎಂಬ ಮಾತು. ಸೋಲು ಬಯಸುವವನ ಕಣ್ಣಿಗೆ ಸೋಲೆಂಬುದು ಕೋಚ್ ವಿಳಾಸಕ್ಕೇ ನೇರವಾಗಿ ಹೋಗುವ ಕಾಗದ. ನಿಜದಲ್ಲಿ ಅದು ದಾರಿಯುದ್ದಕ್ಕೂ ಎಲ್ಲರ ಮನೆಗೂ ಹೊಕ್ಕು ಹೋಗುತ್ತದೆ. ಮೊದಲ ಅವಕಾಶ ಸಿಕ್ಕ ಹತ್ತೊಂಬತ್ತರ ಹುಡುಗ, ಕರಾರಿನ ಕೊನೆಯ ವರ್ಷದಲ್ಲಿರುವ ಗೋಲ್‌ಕೀಪರ್, ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ರೈಲು ಹತ್ತಿ ಕಂಠೀರವಕ್ಕೆ ಬಂದವನು, ಇವರಲ್ಲಿ ಯಾರೂ ಕೋಚನ್ನು ಆರಿಸಿದವರಲ್ಲ. ಲಂಡನ್ನಿನ ಟಾಟನಮ್ ಅಭಿಮಾನಿಗಳು 2024ರ ಮೇ 14ರಂದು ಇದನ್ನು ಇಡೀ ಜಗತ್ತಿನ ಮುಂದೆ ಆಡಿ ತೋರಿಸಿದರು. ಅಲ್ಲಿ ಕಾರಣ ಕೋಚ್ ಅಲ್ಲ, ನೆರೆಯ ಆರ್ಸೆನಲ್ ಮೇಲಿನ ಹಗೆ. ಟಾಟನಮ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು ತಡೆದರೆ ಆರ್ಸೆನಲ್ ಚಾಂಪಿಯನ್ ಆಗುವ ದಾರಿ ತೆರೆಯುತ್ತಿತ್ತು. ಹಾಗಾಗಿ ತಮ್ಮದೇ ಮೈದಾನದಲ್ಲಿ ತಮ್ಮ ತಂಡ 2–0ರಿಂದ ಸೋತಾಗ ಅವರಲ್ಲಿ ಹಲವರು ಕುಣಿದರು. ಆ ಸೋಲಿನೊಂದಿಗೇ ಟಾಟನಮ್‌ನ ಚಾಂಪಿಯನ್ಸ್ ಲೀಗ್ ಆಸೆಯೂ ಮುಗಿದಿತ್ತು. ಕೋಚ್ ಆಂಜ್ ಪೋಸ್ಟೆಕೊಗ್ಲು, ಕ್ಲಬ್‌ನ ಬುನಾದಿಯೇ ಸಡಿಲ ಎಂಬರ್ಥದ ಮಾತಾಡಿ ಸಿಟ್ಟು ತೋಡಿಕೊಂಡರು. ಮರುವರ್ಷ ಅವರೇ ಯುರೋಪಾ ಲೀಗ್ ಗೆದ್ದುಕೊಟ್ಟರು, ಲೀಗ್‌ನಲ್ಲಿ ಹದಿನೇಳನೆಯವರಾದರು, ಎರಡೇ ವಾರದಲ್ಲಿ ಕೆಲಸ ಕಳೆದುಕೊಂಡರು. ಗೆದ್ದವನೂ ಹೋಗುತ್ತಾನೆ ಎಂದಮೇಲೆ ಸೋಲಿಗೆ ಯಾಕಿಷ್ಟು ಮರ್ಯಾದೆ?

ಬೆಂಗಳೂರಿನ ಅಭಿಮಾನಿಗಳಿಗೆ ಇದರಲ್ಲೊಂದು ವಿಚಿತ್ರ ಅನುಭವವಿದೆ. 2019ರಲ್ಲಿ ಐಎಸ್‌ಎಲ್ ಟ್ರೋಫಿ ತಂದುಕೊಟ್ಟ ಕಾರ್ಲೆಸ್ ಕ್ವಾಡ್ರಾಟ್‌ರನ್ನು ಕ್ಲಬ್ 2021ರ ಜನವರಿ 6ರಂದು, ಸತತ ಮೂರು ಸೋಲುಗಳ ಬಳಿಕ, ಕಳಿಸಿಕೊಟ್ಟಿತು. ಕೋವಿಡ್ ಕಾಲ, ಎಲ್ಲ ಪಂದ್ಯಗಳೂ ಗೋವಾದಲ್ಲಿ, ಬಾಗಿಲು ಮುಚ್ಚಿದ ಮೈದಾನದಲ್ಲಿ. ಕೂಗಲಿಕ್ಕೆ ಒಬ್ಬ ಪ್ರೇಕ್ಷಕನೂ ಇಲ್ಲದೆಯೇ ಕೋಚ್ ಹೋದರು. ತಂಡ ಆ ಸೀಸನ್ನಿನಲ್ಲಿ ಏಳನೆಯದಾಯಿತು. ಮುಂದೆ ಕ್ವಾಡ್ರಾಟ್ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೀಗ್‌ನ ಮೊದಲ ಮೂರು ಪಂದ್ಯ ಸೋತು ಅಲ್ಲಿಂದಲೂ ಹೊರಟರು. ಆ ಮೂರರಲ್ಲಿ ಮೊದಲನೆಯದು ಬೆಂಗಳೂರಿನಲ್ಲಿ, ಬೆಂಗಳೂರಿನ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ. ಡಿಸೆಂಬರ್ 7ರಂದು ಚೆಟ್ರಿ ಮೂರು ಗೋಲು ಹೊಡೆದು ಕೇರಳ ಬ್ಲಾಸ್ಟರ್ಸ್‌ಗೆ 4–2ರ ಸೋಲುಣಿಸಿದರು. ಹತ್ತು ದಿನ ತುಂಬುವ ಮೊದಲೇ ಕೇರಳದ ಸ್ವೀಡಿಷ್ ಕೋಚ್ ಮಿಕಾಯೆಲ್ ಸ್ಟಾರೆ ಕೆಲಸವೂ ಹೋಯಿತು.

ಆಗ ಕೇರಳದ ‘ಮಂಜಪ್ಪಡ’ ಅಭಿಮಾನಿ ಬಳಗ ನಡೆದುಕೊಂಡ ರೀತಿ ಗಮನಿಸುವಂಥದ್ದು. ತಂಡ ಸೋಲಲಿ ಎಂದು ಅವರು ಬೇಡಿಕೊಳ್ಳಲಿಲ್ಲ, ಕೋಚ್ ಹೋದನೆಂದು ಸಮಾಧಾನಪಡಲೂ ಇಲ್ಲ. ತಪ್ಪು ಆಡಳಿತ ಮಂಡಳಿಯದು, ಬಳಗದ ಮೂಲಕ ಟಿಕೆಟ್ ಕೊಳ್ಳುವುದನ್ನು ನಿಲ್ಲಿಸುತ್ತೇವೆ ಎಂದರು. ಆಟಗಾರ ಹಿಂದಿನಂತೆಯೇ ಆಡಬಹುದು, ಮಾಲೀಕನ ಗಲ್ಲಾಪೆಟ್ಟಿಗೆಗೆ ಮಾತ್ರ ಏಟು. ಸೋಲಿನ ಹರಕೆಗಿಂತ ಇದು ಗುರಿಯಿಟ್ಟು ಹೊಡೆದ ಹೊಡೆತ. ಖಾಲಿ ಕುರ್ಚಿಯೂ ಆಟಗಾರನಿಗೆ ನೋಯುತ್ತದೆ ಎಂಬುದು ಬೇರೆ ಮಾತು. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿದ್ದನ್ನು ನೋಡಿದವರು 2,569 ಮಂದಿ. ಮರುದಿನ ಚೆಟ್ರಿ ವಿಡಿಯೊ ಮಾಡಿ, ಬನ್ನಿ, ಬೇಕಾದರೆ ಮುಖಕ್ಕೇ ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳು ಖಾಲಿಯಾದವು.

ಕೋಚನ್ನು ಕಳಿಸುವುದಕ್ಕೂ ದುಡ್ಡು ಬೇಕು. ಭಾರತ ತಂಡದ ಕೋಚ್ ಇಗೊರ್ ಸ್ಟಿಮಾಚ್ 2023ರ ಜುಲೈನಲ್ಲಿ ಇದೇ ಕಂಠೀರವದಲ್ಲಿ ಕುವೈತ್ ವಿರುದ್ಧ ಸ್ಯಾಫ್ ಕಪ್ ಗೆದ್ದುಕೊಟ್ಟಾಗ ಹೀರೊ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಆಫ್ಘಾನಿಸ್ತಾನಕ್ಕೆ ಸೋತಾಗ ಅವರನ್ನು ಕಿತ್ತುಹಾಕಿ ಎಂಬ ಕೂಗು ಗ್ಯಾಲರಿಯಿಂದಲೇ ಎದ್ದಿತ್ತು. ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಎದುರು, ಗೆರೆ ದಾಟಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲಿಗೂ ಬಲಿಯಾಗಿ ಭಾರತ ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿನಿಂದ ವಂಚಿತವಾಯಿತು, ಸ್ಟಿಮಾಚ್ ವಜಾ ಆದರು. ಅವರ ಕರಾರು 2026ರ ಜೂನ್‌ವರೆಗೆ ಇತ್ತು. ಕೊನೆಗೆ ಭಾರತದ ಫುಟ್ಬಾಲ್ ಫೆಡರೇಶನ್ 4 ಲಕ್ಷ ಡಾಲರ್ ಕೊಟ್ಟು ತಕರಾರು ಮುಗಿಸಬೇಕಾಯಿತು. ಅವರ ನಂತರ ಬಂದ ಮನೋಲೊ ಮಾರ್ಕೆಸ್ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದು.

ಇಷ್ಟೆಲ್ಲ ಆದರೂ ಸೋಲು ಬಯಸುವ ಅಭಿಮಾನಿಯನ್ನು ದ್ರೋಹಿ ಎಂದು ಜರೆಯುವುದು ಅನ್ಯಾಯ. ಅವನು ಆ ಮೂಲೆಗೆ ಬಂದು ನಿಂತದ್ದೇಕೆ ಎಂದು ನೋಡಬೇಕು. ಅದಕ್ಕೆ ಫುಟ್ಬಾಲ್ ಬಿಟ್ಟು ಸ್ವಲ್ಪ ಹೊತ್ತು ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರಿನ ಕಡೆ ಬರುವುದು ಒಳ್ಳೆಯದು. ದೀಪಾವಳಿ ಮುಗಿಯುತ್ತಿದ್ದಂತೆ ಈ ಸೀಮೆಯಲ್ಲಿ ಹೋರಿ ಹಬ್ಬ ಶುರು. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಜನಸಾಗರದ ನಡುವೆ ನುಗ್ಗುತ್ತದೆ, ಪೈಲ್ವಾನರು ಕೊಬ್ಬರಿ ಕೀಳಲು ಬೀಳುತ್ತಾರೆ, ಯಾರ ಕೈಗೂ ಸಿಗದೆ ಓಡಿದ ಹೋರಿ ಗೆದ್ದಂತೆ. ಹೆಸರಾಂತ ಹೋರಿಗಳಿಗೆ ಬಿರುದಿದೆ, ಫ್ಲೆಕ್ಸ್ ಇದೆ, ಹೆಸರು ಬರೆಸಿದ ಟೀ ಶರ್ಟ್ ತೊಟ್ಟ ಅಭಿಮಾನಿ ಬಳಗವಿದೆ. ಹೋರಿ ಸರಿಯಾಗಿ ಓಡದಿದ್ದರೆ ಮೇವು ಸಾಲದು, ತಾಲೀಮು ಸಾಲದು ಎಂಬ ಬೈಗುಳವೂ ಇದೆ. ಆದರೆ ಮಾಲೀಕನಿಗೆ ಬುದ್ಧಿ ಬರಲೆಂದು ನಮ್ಮ ಹೋರಿಯ ಕೊಬ್ಬರಿ ಹೋಗಲಿ ಎಂದು ಯಾರೂ ಬಯಸುವುದಿಲ್ಲ, ಅದರ ಅಗತ್ಯವೇ ಅವರಿಗಿಲ್ಲ. ಮಾಲೀಕ ಅದೇ ಊರಿನವನು, ಸಂಜೆ ಕಟ್ಟೆಗೆ ಬಂದೇ ಬರುತ್ತಾನೆ. ‘ಏನಣ್ಣಾ, ಹೋರಿನ ಹಿಂಗ್ಯಾಕ ಬಿಟ್ಟಿ?’ ಎಂದು ಮುಖಕ್ಕೇ ಕೇಳಬಹುದು. ಬೆಂಗಳೂರು ಎಫ್‌ಸಿ ಮಾಲೀಕತ್ವ 2013ರ ಹುಟ್ಟಿನಿಂದಲೂ ಮುಂಬೈನ ಜೆಎಸ್‌ಡಬ್ಲ್ಯು ಸಮೂಹದ್ದು. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗಕ್ಕೆ ಅಲ್ಲಿ ಕಟ್ಟೆಯಿಲ್ಲ. ಕೇಳುವ ಬಾಗಿಲು ಸಿಗದವನಿಗೆ ಕೊನೆಗೆ ಸ್ಕೋರ್‌ಬೋರ್ಡ್ ಒಂದೇ ಬಾಯಿಯಾಗುತ್ತದೆ.

ಜರ್ಮನಿಯಲ್ಲಿ ಬಹುತೇಕ ಕ್ಲಬ್‌ಗಳ ಮತಾಧಿಕಾರದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಬಾರ್ಸಿಲೋನಾದಲ್ಲಿ ಅಧ್ಯಕ್ಷನನ್ನು ಆರಿಸುವವರೂ ಇಳಿಸುವವರೂ ಸದಸ್ಯರೇ. 2020ರ ಆಗಸ್ಟ್ 14ರಂದು, ಮೇಲೆ ಹೇಳಿದ ಅದೇ ಫ್ಲಿಕ್‌ರ ಬಯರ್ನ್ ಬಾರ್ಸಿಲೋನಾವನ್ನು 8–2ರಿಂದ ಚಚ್ಚಿತು. ಮೂರೇ ದಿನದಲ್ಲಿ ಕೋಚ್ ಕಿಕೆ ಸೆತಿಯೆನ್ ಹೋದರು. ಸದಸ್ಯರು ಅಲ್ಲಿಗೆ ಬಿಡಲಿಲ್ಲ. ಅಧ್ಯಕ್ಷ ಬಾರ್ತೊಮೆಯು ವಿರುದ್ಧ ಅವಿಶ್ವಾಸಕ್ಕೆ 20 ಸಾವಿರಕ್ಕೂ ಹೆಚ್ಚು ಸಹಿ ಕೂಡಿಹಾಕಿದರು, ಅಕ್ಟೋಬರ್ 27ರಂದು ಅವರು ರಾಜೀನಾಮೆ ಕೊಟ್ಟರು. ಎಂಟು ಗೋಲು ಬೀಳಲಿ ಎಂದು ಆ ಸದಸ್ಯರು ಬಯಸಿರಲಿಲ್ಲ. ಬಿದ್ದ ಮೇಲೆ ಅದನ್ನು ಸುಮ್ಮನೆ ಬಿಡಲಿಲ್ಲ, ಅಷ್ಟೆ. ಸೋಲನ್ನು ಬಯಸುವುದಕ್ಕೂ ಬಂದ ಸೋಲನ್ನು ಬಳಸಿಕೊಳ್ಳುವುದಕ್ಕೂ ಇರುವ ದೂರ ಇದು. ಮತವಿದ್ದವರು ಎರಡನೆಯದನ್ನು ಮಾಡುತ್ತಾರೆ, ಇಲ್ಲದವರು ಮೊದಲನೆಯದಕ್ಕೆ ಜಾರುತ್ತಾರೆ.

ಭಾರತದಲ್ಲಿ ಈ ಪ್ರಶ್ನೆ ಇನ್ನೊಂದು ಕಾರಣಕ್ಕೂ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿ ಸೋಲು ಬಯಸಿದರೆ ತಂಡ ಕೆಳ ದರ್ಜೆಗೆ ಬೀಳುವ ಭಯವಿದೆ. ಐಎಸ್‌ಎಲ್‌ನಲ್ಲಿ 2024–25ರವರೆಗೆ ಯಾವ ತಂಡವನ್ನೂ ಕೆಳಗಿಳಿಸಿದ್ದಿಲ್ಲ. ಹತ್ತನೆಯದಾದರೂ ಮರುವರ್ಷ ಅದೇ ಲೀಗ್, ಅದೇ ಮೈದಾನ ಎಂಬಂತಿತ್ತು. ಹೀಗಾಗಿ ಸೋಲು ಪುಕ್ಕಟೆ ಎಂಬ ಭ್ರಮೆ ಇಲ್ಲಿ ಬೇಗ ಬೆಳೆಯುತ್ತಿತ್ತು. ಆದರೆ ಕ್ಲಬ್ ಎಂಬುದು ಕೋಚ್‌ಗಿಂತ ಎಷ್ಟು ದೊಡ್ಡದು, ಎಷ್ಟು ನಾಜೂಕಾದದ್ದು ಎಂದು 2025 ತೋರಿಸಿತು. ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಣ ಒಪ್ಪಂದ ನವೀಕರಣವಾಗದೆ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ವರ್ಷವೂ ಮುಗಿಯಿತು. ಮೊಟಕುಗೊಳಿಸಿದ ಲೀಗ್ ಫೆಬ್ರುವರಿ 14ರಿಂದ ನಡೆಯುತ್ತದೆ ಎಂಬ ಘೋಷಣೆ ಬಂದಾಗ 2026ರ ಜನವರಿ. ಅಷ್ಟು ತಿಂಗಳು ದೇಶದ ಅಭಿಮಾನಿ ಬಳಗಗಳ ಮುಖ್ಯ ಬೇಡಿಕೆಯಲ್ಲಿ ಯಾವ ಕೋಚ್ ಹೆಸರೂ ಇರಲಿಲ್ಲ, ಪಂದ್ಯಗಳ ದಿನಾಂಕ ಹೇಳಿ ಎಂಬುದಷ್ಟೇ ಇತ್ತು.